ಐಸಾ ಎನ್ನದೆ ಎತ್ತುವವರು

ಪೂರ್ವದ ಬಾನು ಇನ್ನೂ ಹಾಲು ಬೆರೆಯದ ಡಿಕಾಕ್ಷನ್ನಿನ ಬಣ್ಣದಲ್ಲಿದೆ. ಗುಬ್ಬಿ ತಾಲ್ಲೂಕು ಸಿ.ಎಸ್. ಪುರ ಹೋಬಳಿಯ ಈ ಸಣ್ಣ ಹಳ್ಳಿಯ ಅಂಚಿನಲ್ಲಿ, ನೀರಿನ ಟ್ಯಾಂಕಿನ ಬುಡದಲ್ಲಿ, ಮೂರು ಕಬ್ಬಿಣದ ಕಾಲುಗಳ ಸ್ಟ್ಯಾಂಡೊಂದು ನಿಂತಿದೆ. ಅದರ ನೆತ್ತಿಯ ರಾಟೆಯಿಂದ ಇಳಿದ ಉಕ್ಕಿನ ಹಗ್ಗ ಕೊಳವೆಬಾವಿಯ ಬಾಯೊಳಗೆ ಹೋಗಿ ಕತ್ತಲಲ್ಲಿ ಕತ್ತಲಾಗಿದೆ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಪುಟ್ಟರಂಗಯ್ಯ ಕುಳಿತಿದ್ದಾರೆ. ಕಣ್ಣು ಮುಚ್ಚಿದೆ. ಬಲಗೈಯ ಹೆಬ್ಬೆರಳಿಗೂ ಎರಡು ಬೆರಳಿಗೂ ನಡುವೆ ಆ ಹಗ್ಗ, ಎಚ್ಚರಗೊಳಿಸಬಾರದ ಯಾರದೋ ಕೈ ಹಿಡಿದ ಹಾಗೆ. ಎಡಗೈ ಮಾತ್ರ ಗಾಳಿಯಲ್ಲಿದೆ. ತೋರುಬೆರಳು ನೆಲವನ್ನು ತೋರುತ್ತಿದೆ.

ಆ ಬೆರಳನ್ನೇ ನೋಡುತ್ತ, ಹತ್ತು ಹೆಜ್ಜೆಯಾಚೆ, ಹಲ್ಲುಚಕ್ರದ ಡ್ರಮ್ಮಿನ ಹಿಡಿಕೆಯನ್ನು ಮುಜಮ್ಮಿಲ್ ತಿರುಗಿಸುತ್ತಿದ್ದಾರೆ. ಬಾವಿಯ ಬಾಯಲ್ಲಿ ಕ್ಲ್ಯಾಂಪು ಹಿಡಿದು ಅಶ್ವಥ್ ಮಂಡಿಯೂರಿದ್ದಾರೆ. ಮೂವರಲ್ಲಿ ಒಬ್ಬರೂ ಮಾತಾಡುವುದಿಲ್ಲ. ತೋರುಬೆರಳು ಕೆಳಗಾದರೆ ಹಗ್ಗ ಬಿಡಬೇಕು, ಮೇಲಾದರೆ ಸುತ್ತಬೇಕು, ಅಂಗೈ ತೆರೆದರೆ ಎಲ್ಲವೂ ನಿಲ್ಲಬೇಕು. ಇವರ ಭಾಷೆ ಇಷ್ಟೇ. ಸುತ್ತಲ ಊರುಗಳಲ್ಲಿ ಇವರಿಗೆ ಮೂಗರ ಗ್ಯಾಂಗು ಎಂದೇ ಹೆಸರು.

ಎಂಟುನೂರು ಅಡಿ ಕೆಳಗೆ ಒಂದು ಮೋಟಾರು ಬಿದ್ದಿದೆ. ಹೋದ ವಾರ ಪೈಪಿನ ಜಾಯಿಂಟು ಕಳಚಿ, ಮೋಟಾರೂ ಅದರ ತಲೆಯ ಮೇಲಿನ ಪೈಪುಗಳೂ ಒಟ್ಟಿಗೆ ಪಾತಾಳ ಕಂಡಿವೆ. ಎತ್ತಲು ಬಂದ ಮೊದಲ ತಂಡದ ಕೊಕ್ಕೆಗೆ ಪೈಪಿನ ಬದಲು ಕರೆಂಟಿನ ವೈರು ಸಿಕ್ಕಿತು. ಅವರು ಜೋರಾಗಿ ಎಳೆದರು. ವೈರು ಪೈಪಿನ ಮೇಲೆ ಉಂಡೆ ಕಟ್ಟಿ ಬಿರಡೆಯಂತೆ ಕುಳಿತುಬಿಟ್ಟಿತು. ಎರಡನೆಯ ತಂಡ ಇನ್ನೂ ಜೋರಾಗಿ ಎಳೆದು, ಅದನ್ನು ಇನ್ನೂ ಬಿಗಿ ಮಾಡಿ, ಸಾಮಾನು ಕಟ್ಟಿಕೊಂಡು ಹೋಯಿತು. ಇನ್ನೊಂದು ಸಲ ಯಾರಾದರೂ ಹಾಗೆ ಎಳೆದರೆ ಪೈಪು ಹರಿದು, ಬಾವಿಯ ಗಂಟಲು ಶಾಶ್ವತವಾಗಿ ಕಟ್ಟಿಹೋಗುತ್ತದೆ.

ಊರಿಗೆ ಬೇರೆ ಕೊಳವೆಬಾವಿ ಇಲ್ಲವೆಂದಲ್ಲ. ಇದ್ದಾವೆ. ಅವುಗಳ ನೀರು ಗಡಸು. "ಇದೊಂದ್ರಲ್ಲೇ ಕಣಪ್ಪ ಬೇಳೆ ಬೇಯೋದು," ಎನ್ನುತ್ತಾರೆ ಊರಿನ ನೀರುಗಂಟಿ ಕಲ್ಲಮ್ಮ. ಗಂಡ ತೀರಿಕೊಂಡ ಮೇಲೆ ಬೀದಿಬೀದಿಗೆ ವಾಲ್ವು ತಿರುಗಿಸಿ ನೀರು ಬಿಡುವ ಕೆಲಸ ಅವರ ಪಾಲಿಗೆ ಬಂದಿದೆ. "ಆ ನೀರು ಕುಡ್ದು ನಮ್ ಹುಡುಗ್ರ ಹಲ್ಲೆಲ್ಲ ಅರಿಶಿಣ ಬಳ್ದಂಗಾಗವೆ. ಇದೂ ಹೋದ್ರೆ ಊರ್ ಬುಟ್ಟು ಎಲ್ಲಿಗೋಗದು?"

ಬೆಳಕು ಹರಿಯುವಷ್ಟರಲ್ಲಿ ಪಂಚಾಯ್ತಿ ಸದಸ್ಯ ರೇಣುಕಾಪ್ರಸಾದ್ ಬೈಕಿನಲ್ಲಿ ಬರುತ್ತಾರೆ. ಕೆಟ್ಟ ಮನುಷ್ಯನಲ್ಲ, ಒಂದು ವಾರದಿಂದ ಊರಿನ ಹೆಂಗಸರ ಬೈಗುಳ ಕೇಳಿ ಕೇಳಿ ಫೋನು ಎತ್ತುವುದನ್ನೇ ಬಿಟ್ಟ ಮನುಷ್ಯ. ಗೋಣಿಚೀಲದ ಮೇಲಿನ ಆಕೃತಿಯನ್ನು ನೋಡಿ ಅವರ ಹುಬ್ಬು ಗಂಟಿಕ್ಕುತ್ತದೆ.

"ಏನ್ ಪುಟ್ಟರಂಗಯ್ಯನೋರೇ, ಮೋಟಾರ್ ಎತ್ತಕ್ ಬಂದ್ರೋ, ಜಪ ಮಾಡಕ್ ಬಂದ್ರೋ?"

ಪುಟ್ಟರಂಗಯ್ಯ ಕಣ್ಣು ತೆರೆಯುವುದಿಲ್ಲ. ಉತ್ತರ ಮುಜಮ್ಮಿಲ್ ಕಡೆಯಿಂದ ಬರುತ್ತದೆ, ಪಿಸುದನಿಯಲ್ಲಿ. "ಮೆಂಬ್ರೇ, ನಮ್ಮಣ್ಣ ಕಣ್ಣ್ ಮುಚ್ಚಿದ್ರೆ ಕೆಳಗಿಂದು ಕಾಣ್ತದೆ. ನೀವು ಬಾಯ್ ಮುಚ್ಚಿದ್ರೆ ಇನ್ನೂ ಚೆನ್ನಾಗ್ ಕಾಣ್ತದೆ."

"ನಗ್ಸ್‌ಬೇಡ ಕಣಯ್ಯ ಮುಜಮ್ಮಿಲ್ಲು. ಹನ್ನೆರಡಕ್ಕೆ ತುಮಕೂರಿಂದ ಲಾರಿ ಬರ್ತದೆ, ಮಿಷನ್ ಹಾಕಿ ಕಿತ್ತಾಕ್ತಾರೆ. ಬಂದ್ರೆ ಬರ್ಲಿ, ಇಲ್ಲಾಂದ್ರೆ ಮುಚ್ಚಿ ಬೇರೆ ಕಡೆ ಪಾಯಿಂಟ್ ನೋಡ್ಸೋದೇಯ."

ಬೇರೆ ಕಡೆ ಎಂದರೆ ಬೇರೆ ನೀರು, ಅದೂ ಇದ್ದರೆ. ಕಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಗ್ಗವನ್ನೇ ನೋಡುತ್ತ ನಿಲ್ಲುತ್ತಾರೆ. ಮಧ್ಯಾಹ್ನದ ಹನ್ನೆರಡು ಗಂಟೆ ಈಗಿನಿಂದಲೇ ಈ ಅಂಗಳದಲ್ಲಿ ಬಂದು ಕುಳಿತಿದೆ.

ಪುಟ್ಟರಂಗಯ್ಯನವರ ಮನೆ ಗುಬ್ಬಿಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಅರವತ್ತಕ್ಕೆ ನಾಲ್ಕೈದು ವರ್ಷ ಬಾಕಿ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಮೋಟಾರು ಇಳಿಸುವವರ ಹಿಂದೆ ಹೋದವರು, ಅಲ್ಲೇ ನಿಂತರು. ತಿಂಗಳಿಗೆ ಹದಿನೈದಿಪ್ಪತ್ತು ಬಾವಿ, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಕುಣಿಗಲ್ಲಿನಿಂದ ತುಮಕೂರಿನವರೆಗೆ ಅವರು ಕೊಕ್ಕೆ ಇಳಿಸದ ಊರು ಹುಡುಕಬೇಕು. ಅಂಗೈಯಲ್ಲಿ ರೇಖೆಗಳಿಗಿಂತ ಉಕ್ಕಿನ ತಂತಿ ಕೊರೆದ ಗೀರುಗಳೇ ಹೆಚ್ಚು. ಗ್ಲೌಸು ಹಾಕುವುದಿಲ್ಲ, ಹಾಕಿದರೆ ಕೆಳಗಿನ ಸುದ್ದಿ ಮೇಲೆ ಬರುವುದಿಲ್ಲವಂತೆ.

"ಕಲ್ಲಿಗ್ ತಾಗಿದ್ರೆ ಹಗ್ಗ ಸುಮ್ಕಾಗ್ತದೆ. ಕಬ್ಬಿಣಕ್ ತಾಗಿದ್ರೆ ಜುಮ್ ಅಂತದೆ. ವೈರಿಗ್ ತಾಗಿದ್ರೆ ಇದೆಯೋ ಇಲ್ವೋ ಅನ್ನಂಗೆ ಒಂಚೂರು ಕಚಗುಳಿ," ಎಂದು ವಿವರಿಸುತ್ತಾರೆ. "ನಾನ್ ಹುಡುಕದಿಲ್ಲ. ಅದು ಹೇಳೋಗಂಟ ಕಾಯ್ತೀನಿ."

ಹೀಗೆ ಕಾಯುವವರಾಗಿರಲಿಲ್ಲ ಅವರು. ಭಾರ ಎತ್ತುವ ಎಲ್ಲ ತಂಡಗಳ ಹಾಗೆ ಅವರದೂ ಕೂಗುವ ತಂಡವೇ. "ಜೋರ್ ಲಗಾಕೇ, ಐಸಾ!" ಎಂದು ಪುಟ್ಟರಂಗಯ್ಯ ಕೂಗಿದರೆ ಮುಂದಿನ ಊರಿನ ನಾಯಿ ಬೊಗಳುತ್ತಿತ್ತಂತೆ. ಆ ಕೂಗು ಕೆಲಸ ಮುಗಿದ ಮೇಲೂ ಮುಗಿಯುತ್ತಿರಲಿಲ್ಲ. "ಮನೇಲಿ ಒಂದ್ ಲೋಟ ಬಿದ್ರೂ ಬಾವಿಗೇ ಮೋಟ್ರು ಬಿದ್ದಂಗೆ ಆಡೋರು," ಎನ್ನುತ್ತಾರೆ ಹೆಂಡತಿ ಕೆಂಪಲಕ್ಷ್ಮಮ್ಮ. "ಮೋಟ್ರು ಸಿಕ್ಕಿದ್ ದಿನ ಕುಡಿಯೋರು. ಸಿಗ್ದಿದ್ ದಿನಾನೂ ಕುಡಿಯೋರು. ಸಿಗ್ದಿದ್ ದಿನ ಉಣ್ಣೋರಲ್ಲ, ಅಷ್ಟೇ ವ್ಯತ್ಯಾಸ."

ಬದಲಾದದ್ದು ಕುಣಿಗಲ್ಲಿನಾಚೆ, ಒಂದು ಧ್ಯಾನಕೇಂದ್ರದಲ್ಲಿ. ಅದೂ ಧ್ಯಾನಕ್ಕೆಂದು ಹೋಗಿ ಅಲ್ಲ. ಅಲ್ಲಿನ ಮೋಟಾರು ಕೆಟ್ಟಿತ್ತು. ಒಳಗೆ ನೂರಾರು ಜನ ಹತ್ತು ದಿನದ ಮೌನದಲ್ಲಿ ಕುಳಿತಿದ್ದರು. ಗೇಟಿನಲ್ಲಿ ಎದುರಾದವರು ಕೈಮುಗಿದು, ಸದ್ದಿಲ್ಲದೆ ಎತ್ತಿಕೊಡಬಹುದೇ ಎಂದು ಕೇಳಿದರು. ಗ್ಯಾಂಗು ಬಿದ್ದು ಬಿದ್ದು ನಕ್ಕಿತು. ಐಸಾ ಎನ್ನದೆ ಪೈಪು ಏಳುತ್ತದೆಯೇ? ಎಲ್ಲರ ಬಲ ಒಂದೇ ಗಳಿಗೆಗೆ ಸೇರುವುದು ಆ ಕೂಗಿನಿಂದಲ್ಲವೇ?

ಬೇರೆ ದಾರಿಯಿರಲಿಲ್ಲ. ಅಂದೇ ಮರದ ಕೆಳಗೆ ನಿಂತು ಈ ಬೆರಳಿನ ಭಾಷೆಯನ್ನು ಕಟ್ಟಿಕೊಂಡರು. ಕೂಗು ನಿಂತ ಕೂಡಲೇ ಹಗ್ಗ ಮಾತಾಡತೊಡಗಿತು. ಅಷ್ಟು ವರ್ಷ ತಮ್ಮ ಗದ್ದಲದಲ್ಲಿ ಕೇಳಿಸದೇ ಹೋದದ್ದು, ಬಾವಿಯ ಗೋಡೆ, ನೀರಿನ ಮಟ್ಟ, ಪೈಪಿನ ಸಣ್ಣ ನಡುಕ, ಎಲ್ಲವೂ ಬೆರಳಿಗೆ ಬಂದವು. ಸಂಜೆಗೆ ಮೋಟಾರು ಮೇಲಿತ್ತು. ಒಳಗೆ ಕುಳಿತವರಿಗೆ ಹೊರಗೆ ಏನು ನಡೆಯಿತೆಂದೇ ತಿಳಿದಿರಲಿಲ್ಲ.

"ಹೊರಗಿದ್ದ ನಮಗೇ ಇಷ್ಟ್ ಕಂಡ್ರೆ ಒಳಗ್ ಕೂತೋರ್ಗೆ ಏನ್ ಕಾಣ್ಬೋದು ಅನ್ನಿಸ್ತು," ಎನ್ನುತ್ತಾರೆ ಪುಟ್ಟರಂಗಯ್ಯ. ಮುಂದಿನ ಶಿಬಿರಕ್ಕೆ ಸೇರಿದರು. ಮೂರನೆಯ ದಿನ ಓಡಿಬಂದರು. ಮಂಡಿ ನೋವು, ಬೆನ್ನು ನೋವು, ಅದಕ್ಕಿಂತ ಹೆಚ್ಚಾಗಿ ತಲೆಯೊಳಗೆ ನಿಲ್ಲದ ಐಸಾ. ಬಸ್‌ಸ್ಟ್ಯಾಂಡಿನಲ್ಲಿ ಕಂಡ ಮುಜಮ್ಮಿಲ್, "ಏನ್ ರಂಗಣ್ಣ, ಬೇಲ್ ಸಿಕ್ತಾ?" ಎಂದು ಕೇಳಿದರಂತೆ. ಮರುವರ್ಷ ಮತ್ತೆ ಹೋದರು, ಮತ್ತೆ ಅರ್ಧಕ್ಕೆ ಎದ್ದು ಬಂದರು. ಮೂರನೆಯ ಸಲ ಹತ್ತೂ ದಿನ ಕುಳಿತರು. ಆಗಲೂ ಬೆಳಕು ಕಾಣಲಿಲ್ಲ, ದೇವರು ಕಾಣಲಿಲ್ಲ. ಮಂಡಿ ನೋಯುವುದು ಕಂಡಿತು, ನೋವು ಬಂದು ಹೋಗುವುದೂ ಕಂಡಿತು.

ಅವರನ್ನು ಆ ದಾರಿಯಲ್ಲಿ ಹಿಡಿದು ನಿಲ್ಲಿಸಿದವರು ತುಮಕೂರಿನ ಹನುಮಂತರಾಜು, ನಿವೃತ್ತ ಬಸ್ ಕಂಡಕ್ಟರ್. ಶಿರಾ ಗೇಟಿನ ಬಳಿ, ಟೈರು ಅಂಗಡಿಯ ಮೇಲಿನ ಕೋಣೆಯಲ್ಲಿ, ಪ್ರತಿ ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಕೂರುತ್ತಾರೆ. ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ. ಕೆಳಗಿನ ರಸ್ತೆಯಲ್ಲಿ ಲಾರಿಗಳ ಹಾರನ್ನು. ಹನುಮಂತರಾಜು ಅವರಿಗೆ ಪ್ರವಚನ ಮಾಡಲು ಬರುವುದಿಲ್ಲ. ಅವರು ಹೇಳುವುದು ತಮ್ಮ ಕಸುಬಿನ ಮಾತಿನಲ್ಲೇ. "ಉಸ್ರು ಹತ್ತುತ್ತೆ, ಇಳಿಯುತ್ತೆ. ನೀನು ಎಲ್ಲಿಗ್ ಹೋಗ್ಬೇಕು ಅಂತ ಕೇಳ್ಬೇಡ, ಟಿಕೆಟ್ ಹರೀಬೇಡ. ಬಾಗ್ಲಲ್ಲಿ ನಿಂತು ಹತ್ತೋರ್ನ, ಇಳಿಯೋರ್ನ ನೋಡ್ತಿರು ಸಾಕು."

ಒಮ್ಮೆ ಪುಟ್ಟರಂಗಯ್ಯ ಅವರಿಗೊಂದು ಪ್ರಶ್ನೆ ಒಯ್ದರು. ಹಿಂದಿನ ದಿನ ಯಾವುದೋ ಊರಲ್ಲಿ ಬಾವಿಗೆ ಜೀವ ಬಂದಿತ್ತು. ನೀರು ಬಂದ ಮೇಲೆ ಮಾಲೀಕನ ಮನೆಯವರು ಅವರ ಬೊಗಸೆಗೆ ಮೇಲಿನಿಂದ ನೀರು ಹುಯ್ದಿದ್ದರು. ಬಾವಿಯ ತಳವನ್ನು ಮುಟ್ಟಬಹುದಾದ ಕೈ ಚೊಂಬನ್ನು ಮುಟ್ಟುವಂತಿರಲಿಲ್ಲ. ಅವರು ಏನೂ ಹೇಳದೆ ಕುಡಿದು ಬಂದಿದ್ದರು. "ಅದನ್ನೂ ಉಸ್ರು ನೋಡ್ದಂಗೆ ನೋಡ್ತಾ ಕೂರಬೇಕಾ ಸಾರ್?" ಎಂದು ಕೇಳಿದರು.

ಹನುಮಂತರಾಜು ಅವರಿಗೂ ಅಂಥ ಚೊಂಬುಗಳ ಪರಿಚಯವಿತ್ತು. "ಫುಟ್‌ಬೋರ್ಡಿಂದ ಯಾರೋ ಜಾರ್ತಾವ್ರೆ ಅಂದ್ಕೋ. ಕಂಡಕ್ಟ್ರು ಹತ್ತೋರ್ನ ಇಳಿಯೋರ್ನ ನೋಡ್ಕೊಂಡ್ ನಿಂತಿರ್ತಾನೇನೋ? ಸೀಟಿ ಊದ್ಬೇಕು. ನೆಟ್ಟಗೆ ನೋಡ್ತಿದ್ರೇನೆ ಅದು ಕಾಣೋದು," ಎಂದರು. ಪುಟ್ಟರಂಗಯ್ಯ ಆ ಊರಿಗೆ ಇನ್ನೊಮ್ಮೆ ಹೋದಾಗ, ಲೋಟ ಕೊಟ್ಟರೆ ಮಾತ್ರ ಕುಡಿಯುವುದಾಗಿ ನಗುತ್ತಲೇ ಹೇಳಿದರು. ಲೋಟ ಬಂತು. ಸ್ವಲ್ಪ ತಡವಾಗಿ ಬಂತು, ಆದರೆ ಬಂತು.

ಈಗ ಅವರು ದಿನಾ ನಸುಕಿನಲ್ಲಿ ಒಂದು ಗಂಟೆ ಕೂರುತ್ತಾರೆ. ಕುಡಿತ ಯಾವಾಗ ಬಿಟ್ಟುಹೋಯಿತೆಂದು ನೆನಪಿಲ್ಲ. ತೃಪ್ತಿಯ ಬಗ್ಗೆ ಕೇಳಿದರೆ ಮುಜುಗರಪಡುತ್ತಾರೆ. "ಮೊದ್ಲು ಮೋಟ್ರು ಸಿಕ್ಕಿದ್ರೆ ನಾನೇ ರಾಜ, ಸಿಗ್ದಿದ್ರೆ ನಾನೇ ಪಾಪಿ. ಈಗ ಸಿಕ್ಕಿದ್ರೆ ಸಿಕ್ತು, ಸಿಗ್ದಿದ್ರೆ ಸಿಗ್ಲಿಲ್ಲ. ಮತ್ತೆ ಕೊಕ್ಕೆ ಬುಡ್ತೀನಿ. ಮಧ್ಯದಲ್ಲಿ ಊಟ ರುಚಿಯಾಗಿರ್ತದೆ."

ಹತ್ತೂವರೆಯಾಗಿದೆ. ಬಿಸಿಲು ಟ್ಯಾಂಕಿನ ಕಾಲು ದಾಟಿ ಗೋಣಿಚೀಲಕ್ಕೆ ಬಂದಿದೆ. ಬೆಳಗಿನಿಂದ ಕೊಕ್ಕೆ ಅದೆಷ್ಟು ಸಲ ಇಳಿಯಿತೋ, ಅದೆಷ್ಟು ಸಲ ಬರಿದೇ ಹೊರಳಿತೋ. ಪುಟ್ಟರಂಗಯ್ಯ ವೈರಿನ ಉಂಡೆಯನ್ನು ಎಳೆಯುತ್ತಿಲ್ಲ. ಕೊಕ್ಕೆಯನ್ನು ಅದಕ್ಕೆ ತಾಗಿಸಿ, ಗೇಣಿನಷ್ಟು ಕೆಳಕ್ಕೆ ಒತ್ತಿ, ಬಿಟ್ಟು, ಹೊರಳಿಸಿ, ಮತ್ತೆ ಒತ್ತುತ್ತಾರೆ. ಬಿಗಿದದ್ದು ಎಳೆದರೆ ಇನ್ನೂ ಬಿಗಿಯುತ್ತದೆ. ಕೆಳಗೆ ಬಿಟ್ಟರೆ ಸಡಿಲವಾಗುತ್ತದೆ. ನೋಡುವವರಿಗೆ ಇದು ಕೆಲಸದ ಹಾಗೆ ಕಾಣುವುದೇ ಇಲ್ಲ. ನೆರೆದವರಲ್ಲಿ ಗೊಣಗಾಟ ಎದ್ದಿದೆ.

"ಎಳೀರಪ್ಪ ಅಂದ್ರೆ ಕೆಳಕ್ ಬುಡ್ತಾ ಕೂತವ್ನೆ," ಎನ್ನುತ್ತದೆ ಒಂದು ದನಿ.

"ಬಾವಿಗೆ ಲಾಲಿ ಹಾಡ್ತಾವ್ನೆ ಕಣ್ಲಾ," ಎನ್ನುತ್ತದೆ ಇನ್ನೊಂದು.

ಹನ್ನೊಂದೂವರೆಗೆ, ಹೇಳಿದ್ದಕ್ಕಿಂತ ಮೊದಲೇ, ಲಾರಿ ಬರುತ್ತದೆ. ಡ್ರೈವರು ಎಂಜಿನ್ ಆಫ್ ಮಾಡದೆ ಕೆಳಗಿಳಿಯುತ್ತಾನೆ. ರೇಣುಕಾಪ್ರಸಾದ್ ಗಡಿಯಾರ ನೋಡುತ್ತಾರೆ, ಕಲ್ಲಮ್ಮನ ಮುಖ ನೋಡುತ್ತಾರೆ. "ಸಾಕು ಏಳ್ರಪ್ಪ. ನೀವೂ ಪ್ರಯತ್ನ ಪಟ್ರಿ," ಎನ್ನುತ್ತಾರೆ. ಕಲ್ಲಮ್ಮ ಒಂದು ಹೆಜ್ಜೆ ಮುಂದೆ ಬಂದು ಹಗ್ಗಕ್ಕೂ ಲಾರಿಗೂ ನಡುವೆ ನಿಲ್ಲುತ್ತಾರೆ. "ಹನ್ನೆರಡು ಅಂದಿದ್ದೆ ಕಣಪ್ಪ ನೀನು. ಆಗ್ಲಿ ಹನ್ನೆರಡು."

ಆಗ ಪುಟ್ಟರಂಗಯ್ಯನವರ ಬೆರಳು, ಬೆಳಗಿನಿಂದ ನೆಲ ನೋಡುತ್ತಿದ್ದ ಬೆರಳು, ಮೆಲ್ಲನೆ ಮೇಲಕ್ಕೆ ತಿರುಗುತ್ತದೆ. ಮುಜಮ್ಮಿಲ್ ಹಿಡಿಕೆಯನ್ನು ಒಂದು ಹಲ್ಲು ಸುತ್ತುತ್ತಾರೆ. ಇನ್ನೊಂದು ಹಲ್ಲು. ಹಗ್ಗ ಬಿಗಿಯುತ್ತದೆ, ರಾಟೆ ನರಳುತ್ತದೆ, ಸ್ಟ್ಯಾಂಡಿನ ಮೂರು ಕಾಲುಗಳೂ ಮಣ್ಣಿನಲ್ಲಿ ಬೆರಳಿನಷ್ಟು ಇಳಿಯುತ್ತವೆ. ಕೆಳಗಿನ ಭಾರ ಕದಲಿದೆ. ಪೈಪು ಸಿಕ್ಕಿದೆ. ಡ್ರೈವರು ಹೋಗಿ ಲಾರಿಯ ಎಂಜಿನ್ ಆಫ್ ಮಾಡಿ ಬರುತ್ತಾನೆ, ಈಗ ಅವನೂ ನೋಡುವವನಾಗಿದ್ದಾನೆ.

ಬಹಳ ಹೊತ್ತು ಹಗ್ಗ ಸುತ್ತಿದ ಮೇಲೆ ಮೊದಲ ಪೈಪು ಬಾವಿಯ ಬಾಯಿಂದ ಕೆಸರು ಮೆತ್ತಿಕೊಂಡು ತಲೆಯೆತ್ತುತ್ತದೆ. ಒಂದೊಂದು ಪೈಪು ಹೊರಬಂದಾಗಲೂ ಅದರ ಕೆಳಗಿನ ಪೈಪಿಗೆ ಕ್ಲ್ಯಾಂಪು ಬಿಗಿದು, ಬಾವಿಯ ಬಾಯಿಗೆ ಕೂರಿಸಿ, ಮೇಲಿನದನ್ನು ಬಿಚ್ಚಿ ಪಕ್ಕಕ್ಕೆ ಮಲಗಿಸಬೇಕು. ಅಶ್ವಥ್ ಅದನ್ನು ಮಾಡುತ್ತಿದ್ದಾರೆ. ಜನಕ್ಕೆ ಈಗ ಉತ್ಸಾಹ ಉಕ್ಕಿದೆ. ಗ್ಯಾಂಗು ಕೂಗದಿದ್ದರೇನು, ಊರು ಕೂಗುತ್ತದೆ. "ಜೋರ್ ಲಗಾಕೇ, ಐಸಾ! ಔರ್ ಥೋಡಾ, ಐಸಾ!" ಲಾರಿಯವನೂ ಕೂಗುತ್ತಾನೆ, ರೇಣುಕಾಪ್ರಸಾದರೂ ಕೂಗುತ್ತಾರೆ.

ಆ ಗದ್ದಲದ ನಡುವೆ ಪುಟ್ಟರಂಗಯ್ಯನವರ ಬೆರಳಿಗೆ ಒಂದು ಸಣ್ಣ ಸುದ್ದಿ ಬರುತ್ತದೆ. ಬಂದದ್ದು ಕೆಳಗಿನಿಂದಲ್ಲ, ಹಗ್ಗದೊಳಗಿನಿಂದಲೇ. ಒಂದು ಎಳೆ ಹರಿದಿದೆ. ಅದರ ಬೆನ್ನಿಗೆ ಇನ್ನೊಂದು.

ಅವರು ಅಂಗೈ ತೆರೆಯುತ್ತಾರೆ.

ಹಲವು ವರ್ಷಗಳ ಅಭ್ಯಾಸ ಅದು. ನಿಲ್ಲಿಸು ಎಂಬುದಕ್ಕೆ ಈ ಗ್ಯಾಂಗಿನಲ್ಲಿ ಬೇರೆ ಪದವಿಲ್ಲ. ಮುಜಮ್ಮಿಲ್ ಅದನ್ನು ನೋಡಿದರು, ಹಿಡಿಕೆ ನಿಂತಿತು. ಆದರೆ ಅಶ್ವಥ್ ನೋಡಲಿಲ್ಲ. ಕ್ಲ್ಯಾಂಪಿನ ಬೋಲ್ಟು ಬಿಗಿದು, ಅದು ಸರಿಯಾಗಿ ಕೂರುವಂತೆ ಕೆಳಗೆ ಸಿಕ್ಕಿದ್ದ ಕೆಸರನ್ನು ಬೆರಳಿಂದ ತೆಗೆಯುತ್ತ ಅವರು ಬಾವಿಯ ಮೇಲೆ ಬಾಗಿದ್ದರು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳುಗಳು. ಮೇಲೆ ಎರಡು ಎಮ್ಮೆಗಳಿಗೂ ಮೀರಿದ ಭಾರ, ಹರಿಯುತ್ತಿರುವ ಹಗ್ಗದಲ್ಲಿ. ತೆರೆದ ಅಂಗೈ ಗಾಳಿಯಲ್ಲಿ ಯಾರಿಗೂ ಅಲ್ಲದ ಆಶೀರ್ವಾದದಂತೆ ನಿಂತಿತ್ತು.

"ಕೈ ತೆಗಿಯಲೋ ಅಶ್ವಥಾ!"

ಊರಿನ ಐಸಾ ಪುಟ್ಟರಂಗಯ್ಯನವರ ಆ ಕೂಗಿನಡಿಯಲ್ಲಿ ಹೂತುಹೋಗುತ್ತದೆ. ಟ್ಯಾಂಕಿನ ಮೇಲಿನ ಪಾರಿವಾಳಗಳು ಒಮ್ಮೆಲೇ ಏಳುತ್ತವೆ. ಅಶ್ವಥ್ ಬೆಂಕಿ ಮುಟ್ಟಿದವರಂತೆ ಕೈ ಕಿತ್ತುಕೊಂಡು ಹಿಂದಕ್ಕೆ ಬೀಳುತ್ತಾರೆ. ಹಗ್ಗ ಪಟ್ಟನೆ ಹರಿಯುತ್ತದೆ. ಕ್ಲ್ಯಾಂಪು ಬಾವಿಯ ಬಾಯಿಗೆ ಅಪ್ಪಳಿಸಿ, ಅಷ್ಟೂ ಪೈಪುಗಳ ಭಾರ ಹೊತ್ತು, ಗಂಟೆಯಂತೆ ಮೊಳಗಿ, ನಿಲ್ಲುತ್ತದೆ. ನಿಂತೇ ಇರುತ್ತದೆ.

ಅಶ್ವಥ್ ನೆಲದ ಮೇಲೆ ಕುಳಿತೇ ಬೆರಳುಗಳನ್ನು ಮಡಿಸಿ, ಬಿಡಿಸಿ ನೋಡಿಕೊಳ್ಳುತ್ತಾರೆ. ಪುಟ್ಟರಂಗಯ್ಯ ಹತ್ತಿರ ಹೋಗಿ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿಯುತ್ತಾರೆ. ನಾಲ್ಕು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾರೆ.

ಮೊದಲು ಬಾಯಿ ಬಿಡುವವರು ಮುಜಮ್ಮಿಲ್. "ಯಾ ಅಲ್ಲಾ, ಎಷ್ಟ್ ವರ್ಷ ಆಯ್ತು ರಂಗಣ್ಣ ಈ ಗಂಟ್ಲು ಕೇಳಿ! ಶಿರಾ ಗೇಟ್‌ಗಂಟ ಕೇಳ್ಸಿರ್ತದೆ. ಹೋಯ್ತಲ್ಲ ನಿನ್ ಮೌನ?"

"ಮೌನ ನಾಳೆ ಬೆಳಿಗ್ಗೆ ಕೂತ್ರೆ ವಾಪಸ್ ಬರ್ತದೆ ಬುಡು," ಎನ್ನುತ್ತಾರೆ ಪುಟ್ಟರಂಗಯ್ಯ. "ಬೆರಳು ಬರ್ತದಾ?"

ಹೊಸ ಹಗ್ಗ ಕಟ್ಟಿ ಮತ್ತೆ ಶುರು ಮಾಡುತ್ತಾರೆ. ಈ ಸಲ ಒಂದು ಬದಲಾವಣೆ: ಪ್ರತಿ ಪೈಪಿಗೂ ಅಶ್ವಥ್ ಕೈ ತೆಗೆದು "ಆಯ್ತಣ್ಣ" ಎನ್ನುವವರೆಗೆ ಮುಜಮ್ಮಿಲ್ ಹಿಡಿಕೆ ಮುಟ್ಟುವುದಿಲ್ಲ. ಮೂಗರ ಗ್ಯಾಂಗಿಗೆ ಒಂದು ಮಾತು ಬಂದಿದೆ. ಲಾರಿ ಬಂದ ದಾರಿಯಲ್ಲಿ ಹಿಂತಿರುಗುತ್ತದೆ. ಇಳಿಹೊತ್ತಿಗೆ ಕೊನೆಯ ಪೈಪಿನ ತುದಿಯಲ್ಲಿ ತುಕ್ಕು ಹಿಡಿದ ಮೋಟಾರು, ತಲೆಗೆ ವೈರಿನ ಜಡೆ ಸುತ್ತಿಕೊಂಡು, ಬೆಳಕಿಗೆ ಬರುತ್ತದೆ. ಪಂಚಾಯ್ತಿಯ ಹೊಸ ಮೋಟಾರು ಹೊಸ ಪೈಪುಗಳ ಜೊತೆ ಅದರ ಜಾಗಕ್ಕೆ ಇಳಿಯುತ್ತದೆ.

ಸ್ವಿಚ್ಚು ಹಾಕಿದ ಮೇಲೆ ಪೈಪು ಮೊದಲು ಗಾಳಿ ಕಾರುತ್ತದೆ, ಆಮೇಲೆ ಕೆಂಪು ಕೆಸರು. ಕೆಸರು ಕಂದಾಗುತ್ತದೆ, ಕಂದು ಬೂದಿಯಾಗುತ್ತದೆ, ಬೂದಿ ಬಣ್ಣ ಕಳೆದುಕೊಂಡು ನೀರಾಗುತ್ತದೆ. ಕಲ್ಲಮ್ಮ ಬಾಯಿಗೆ ಒಂದು ಗುಟುಕು ಹಾಕಿಕೊಂಡು, ಕಣ್ಣು ಮುಚ್ಚಿ, ರುಚಿ ಗುರುತಿಸಿ, ತಲೆಯಾಡಿಸುತ್ತಾರೆ. ಅದೇ ನೀರು. ಬೇಳೆ ಬೇಯುವ ನೀರು.

"ಒಂದ್ ದಿನ ಶಾಲು ಹೊದ್ಸಿ ಸನ್ಮಾನ ಮಾಡಣ ಪುಟ್ಟರಂಗಯ್ಯನೋರೇ," ಎನ್ನುತ್ತಾರೆ ರೇಣುಕಾಪ್ರಸಾದ್, ಬೆಳಗಿನ ತಮ್ಮ ಮಾತು ನೆನಪಾಗಿ ಕೊಂಚ ಸಣ್ಣಗಾಗಿ. ಪುಟ್ಟರಂಗಯ್ಯ ನಗುತ್ತಾರೆ, ಶಾಲಿನ ಬದಲು ಹೊಸ ಹಗ್ಗ ಕೊಡಿಸಿರೆಂದು ಮುಜಮ್ಮಿಲ್ ಪಕ್ಕದಿಂದ ಸೇರಿಸುತ್ತಾರೆ. ಕಲ್ಲಮ್ಮ ಚೊಂಬು ತುಂಬಿ ತಂದು ಪುಟ್ಟರಂಗಯ್ಯನವರ ಕೈಗೇ ಕೊಡುತ್ತಾರೆ. ಅವರು ಗಟಗಟ ಕುಡಿದು, ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಟ್ಯಾಂಕಿನ ಕಟ್ಟೆಗೆ ಒರಗುತ್ತಾರೆ. ತಲೆಯ ಮೇಲೆ ಟ್ಯಾಂಕಿಗೆ ನೀರು ಬೀಳುವ ಸದ್ದು.

"ಊರ್ ನೀರ್ ಉಳ್ಸ್‌ಕೊಟ್ಟೆ. ನಿನಗೇನಾಗ್ಬೇಕಪ್ಪ?" ಎಂದು ಕೇಳುತ್ತಾರೆ ಕಲ್ಲಮ್ಮ.

ಪುಟ್ಟರಂಗಯ್ಯ ತಮ್ಮ ಎಡಗೈಯನ್ನು ಬಿಡಿಸಿ, ಆ ಅಂಗೈಯನ್ನೇ ನೋಡುತ್ತ ಹೇಳುತ್ತಾರೆ.

"ಮೊದ್ಲು ಕೈ ಎತ್ತಿದೆ ಕಣಮ್ಮ, ಆಮೇಲ್ ಕೂಗ್ದೆ. ಮಧ್ಯ ಅರ್ಧ ಉಸ್ರಿನಷ್ಟ್ ಹೊತ್ತು ಹೋಯ್ತು. ಮುಂದಿನ್ ಸಲ ಆ ಅರ್ಧ ಉಸ್ರೂ ಹೋಗ್ಬಾರ್ದು. ಅಷ್ಟೇ."